ಹುಕುಂ ಕೊಡೋಕೆ ಇಂಗ್ಲಿಷ್ ಪದ ಬೇಕಾ? ರೋಜೆ ಥೆಸಾರಸ್ ಬಳಸಿ ನೋಡಿದ ಅನುಭವ

ಆಸ್ಪತ್ರೆಯಲ್ಲಿ ದಿನವಿಡೀ ಕಿವಿಗೆ ಬೀಳುವ ಪದ ಅಂದರೆ ಆರ್ಡರ್. ಡಾಕ್ಟರ್ ಆರ್ಡರ್ ಬರೆದ್ರಾ? ಸ್ಟ್ಯಾಟ್ ಆರ್ಡರ್ (ತಕ್ಷಣ ಮಾಡಬೇಕಾದದ್ದು) ಮುಗೀತಾ? ಫೋನಲ್ಲಿ ಕೊಟ್ಟ ಆರ್ಡರನ್ನು ಅವರಿಗೇ ತಿರುಗಿ ಓದಿ ಹೇಳಿದ್ರಾ? ಇದರಲ್ಲಿ ಯಾರಿಗೂ ಬೇಜಾರಿಲ್ಲ. ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ಇನ್‌ಚಾರ್ಜ್ ಆದಮೇಲೆ ಆರ್ಡರ್ ತಗೊಳ್ಳೋದರ ಜೊತೆ ಕೊಡೋದೂ ನನ್ನ ಪಾಲಿಗೆ ಬಂತು, ಅದೂ ಇಂಗ್ಲಿಷಿನಲ್ಲಿ ಬರೆದು. ಡ್ಯೂಟಿ ರೋಸ್ಟರ್ ಕೆಳಗೆ ಒಂದು ಸಾಲು, ಬೋರ್ಡಿಗೆ ಒಂದು ಸರ್ಕ್ಯುಲರ್, ತಡವಾಗಿ ಬಂದವರಿಗೆ ಮೆಮೊ. ಬಾಯಲ್ಲಾದರೆ "ಸ್ವಲ್ಪ ಆ ಕ್ರ್ಯಾಶ್ ಕಾರ್ಟ್ ನೋಡಮ್ಮ" ಅಂದರೆ ಮುಗೀತು (ಕ್ರ್ಯಾಶ್ ಕಾರ್ಟ್ ಅಂದರೆ ತುರ್ತು ಔಷಧಿ, ಸಲಕರಣೆ ಇಟ್ಟ ಗಾಡಿ). ಇಂಗ್ಲಿಷ್ ಕಾಗದದ ಮೇಲೆ ಆ "ಅಮ್ಮ"ನನ್ನು ಎಲ್ಲಿಂದ ತರೋದು?

ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಹಾಗಾಗಿ ಹುಡುಕಿದ್ದು ಸಮಾನ ಪದಗಳ ಪುಸ್ತಕ. ಎಲ್ಲರೂ ಹೇಳೋದು ರೋಜೆ ಥೆಸಾರಸ್ (ಬರೆಯುವಾಗ ಕೊನೆಗೆ ಟಿ ಇದೆ, ಉಚ್ಚರಿಸಬಾರದಂತೆ). ಇದರ 1911ರ ಆವೃತ್ತಿಗೆ ಈಗ ಕಾಪಿರೈಟ್ ಇಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಹಳೇ ಪುಸ್ತಕಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಾನು ಫೋನಿಗೆ ಇಳಿಸಿಕೊಂಡಿದ್ದು ಅದನ್ನೇ.

ಬರೆದ ಪೀಟರ್ ಮಾರ್ಕ್ ರೋಜೆ ಕೂಡ ಡಾಕ್ಟರೇ! ಲಂಡನ್ನಿನವರು. 1805ರಲ್ಲೇ ತಮ್ಮ ಉಪಯೋಗಕ್ಕೆ ಪದಗಳ ಪಟ್ಟಿ ಮಾಡಿಟ್ಟುಕೊಂಡಿದ್ದರು, ಪುಸ್ತಕವಾಗಿ ಹೊರಬಂದದ್ದು 1852ರಲ್ಲಿ. ಅಷ್ಟೊತ್ತಿಗೆ ವಯಸ್ಸು ಎಪ್ಪತ್ತು ದಾಟಿತ್ತು. ಇದರಲ್ಲಿ ಪದಗಳು ಅಕಾರಾದಿಯಾಗಿ ಇಲ್ಲ. ಲೋಕದ ವಿಚಾರಗಳನ್ನೆಲ್ಲ 1000 ತಲೆಬರಹ ಮಾಡಿ, ಒಂದೊಂದರ ಕೆಳಗೆ ಪದಗಳನ್ನು ಗುಡ್ಡೆ ಹಾಕಿದ್ದಾರೆ. ನಮಗೆ ಬೇಕಾದದ್ದು 737ರಿಂದ ಶುರು. ಅಲ್ಲಿ ಅಧಿಕಾರ, 739ರಲ್ಲಿ ಬಿಗಿ, 741ರಲ್ಲಿ ಅಪ್ಪಣೆ, 742ರಲ್ಲಿ ಮಾತು ಕೇಳದಿರುವುದು, 743ರಲ್ಲಿ ಕೇಳುವುದು, 744ರಲ್ಲಿ ಬಲವಂತ. ಆಮೇಲೆ ಯಜಮಾನ, ಆಳು. ಅಪ್ಪಣೆ ಮಾಡಿದ ಮರುಗಳಿಗೆಗೇ ಒಬ್ಬ ಕೇಳಲ್ಲ ಅನ್ನೋದು ಈ ಡಾಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಯಾವುದೋ ವಾರ್ಡ್ ನಡೆಸಿದ ಅನುಭವ ಇರಬೇಕು!

741 ಬಿಚ್ಚಿದಾಗ ಸಿಕ್ಕಿದ್ದು ಬೇರೆಯದೇ ಖುಷಿ. ಕಮಾಂಡ್, ಆರ್ಡರ್, ಆರ್ಡಿನೆನ್ಸ್, ಫಿಯಟ್ ಅಂತ ಸಾಗುತ್ತಾ ಒಂದೆರಡು ಪದ ದಾಟುವಷ್ಟರಲ್ಲಿ ಹುಕುಂ! ನಮ್ಮ ಹುಕುಮೇ. ಮುಂದೆ ಫರ್ಮಾನು, ಸಮನ್ಸು, ವಾರಂಟು, ರಿಟ್ಟು, ಮ್ಯಾಂಡಮಸ್. ರಷ್ಯಾದ ಚಕ್ರವರ್ತಿ ಹೊರಡಿಸುತ್ತಿದ್ದ ಯುಕೇಸ್ ಕೂಡ ಇದೆ. ಬಗರ್ ಹುಕುಂ ಜಮೀನಿಗೆ ನಮೂನೆ 57ರ ಅರ್ಜಿ ಹಿಡಿದು ಅಪ್ಪ ತಾಲ್ಲೂಕು ಕಚೇರಿ ಅಲೆದದ್ದನ್ನು ಕಂಡವಳಿಗೆ ಈ ಪಟ್ಟಿ ಪರಕೀಯ ಅನ್ನಿಸಲೇ ಇಲ್ಲ. ಅರ್ಧ ಪದಗಳು ಕೋರ್ಟು, ಕಚೇರಿ ಮೆಟ್ಟಿಲಲ್ಲಿ ಮೊದಲೇ ಪರಿಚಯವಾದವು.

737 ಇನ್ನೂ ಮಜಾ. ಅಲ್ಲಿ ಬಿಡಿ ಪದಗಳ ಜೊತೆ ನುಡಿಗಟ್ಟುಗಳೂ ಬೇಕಾದಷ್ಟಿವೆ. ಲೀಡ್ ಬೈ ದಿ ನೋಸ್ ಅಂದರೆ ಮೂಗು ಹಿಡಿದು ನಡೆಸೋದು. ಮೂಗುದಾರ ಕಂಡವರಿಗೆ ವಿವರಣೆಯೇ ಬೇಡ. ಯಾರನ್ನೋ ಕಿರುಬೆರಳಿಗೆ ಸುತ್ತಿಕೊಳ್ಳೋದು, ಹೆಬ್ಬೆರಳ ಕೆಳಗೆ ಇಟ್ಟುಕೊಳ್ಳೋದು, ಎಲ್ಲ ಇದೆ. ವೇರ್ ದಿ ಬ್ರೀಚಸ್ ಅಂತ ಒಂದಿದೆ. ಮನೆಯಲ್ಲಿ ಹೆಂಡತಿಯ ಮಾತೇ ನಡೆದರೆ ಚಲ್ಲಣ ತೊಟ್ಟವಳು ಅವಳು ಅಂತ ಕುಟುಕು. ಇದನ್ನು ರಾತ್ರಿ ಪಾಳಿಯಲ್ಲಿ ಓದಿ ಹೇಳಿದೆ. ನಮ್ಮ ಸಿಸ್ಟರುಗಳು ನಕ್ಕರು, ಆಮೇಲೆ ತಮ್ಮ ಯೂನಿಫಾರ್ಮ್ ಪ್ಯಾಂಟು ನೋಡಿಕೊಂಡು ಇನ್ನೂ ಜೋರಾಗಿ ನಕ್ಕರು.

ಇಷ್ಟೆಲ್ಲ ಸರಿ. ಆದರೆ ನನ್ನ ಸರ್ಕ್ಯುಲರ್‌ಗೆ ಯಾವ ಪದ? ಅಲ್ಲೇ ಈ ಪುಸ್ತಕ ಕೈ ಎತ್ತುತ್ತದೆ. ಪದಗಳನ್ನು ರಾಶಿ ಹಾಕುತ್ತದೆ, ಯಾರು ಯಾರಿಗೆ ಅದನ್ನು ಅನ್ನಬಹುದು ಅಂತ ಹೇಳಲ್ಲ. ಕಮಾಂಡ್, ಡಿಕ್ಟೇಟ್, ಬಿಡ್, ಎಂಜಾಯ್ನ್, ಇನ್‌ಸ್ಟ್ರಕ್ಟ್ ಎಲ್ಲ ಒಂದೇ ಸಾಲಿನಲ್ಲಿ, ಒಂದೇ ತೂಕದಲ್ಲಿ ಕೂತಿವೆ. ಇಂಗ್ಲಿಷ್ ಆಗಲೇ ಚೆನ್ನಾಗಿ ಬರುವವರಿಗೆ ಮರೆತ ಪದ ನೆನಪಿಸೋಕೆ ಮಾಡಿದ ಪುಸ್ತಕ ಇದು. ಕಲಿಯುವವರು ಇದನ್ನೇ ನಂಬಿದರೆ ಪಚೀತಿ. ನಮ್ಮ ವಾರ್ಡಿಗೆ ಹೊಸದಾಗಿ ಬಂದ ಒಬ್ಬ ಹುಡುಗಿ ಇಂಥದ್ದೇ ಯಾವುದೋ ಆ್ಯಪ್ ನೋಡಿ, ಡಾಕ್ಟರ್ ಇಂಜೆಕ್ಷನ್ ಕೊಡಲು "ಕಮಾಂಡೆಡ್" ಅಂತ ರಿಪೋರ್ಟ್ ಬುಕ್ಕಿನಲ್ಲಿ ಬರೆದಿದ್ದಳು. ರೌಂಡ್ಸಿಗೆ ಬಂದ ಡಾಕ್ಟರ್ ಅದನ್ನು ಓದಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಪಾಪ, ಅವಳ ಮುಖ ಕೆಂಪಾಯಿತು.

ಅವಳಿಗೆ ನಾನು ತೋರಿಸಿದ್ದು ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು 1942ರಲ್ಲಿ ಅಲ್ಲೇ ತಂದ ನಿಘಂಟು ಇದರ ಮೂಲ. ಹೊರಗಿನಿಂದ ಬಂದು ಇಂಗ್ಲಿಷ್ ಕಲಿಯೋರಿಗೆ ಅಂತಲೇ ಮಾಡಿದ್ದು. ಅದರಲ್ಲಿ ಆರ್ಡರ್ ಪದದ ಜೊತೆ ಪುಟ್ಟ ಬಾಕ್ಸ್ ಇದೆ: ಆರ್ಡರ್, ಟೆಲ್, ಇನ್‌ಸ್ಟ್ರಕ್ಟ್, ಡೈರೆಕ್ಟ್, ಕಮಾಂಡ್. ಐದೇ ಪದ! ಆದರೆ ಆರ್ಡರ್ ಅನ್ನೋದು ಅಪ್ಪ ಅಮ್ಮ, ಮೇಷ್ಟ್ರು, ಸರ್ಕಾರ ಎಲ್ಲರಿಗೂ ಹೊಂದುತ್ತದೆ, ಕಮಾಂಡ್ ಇನ್ನೂ ಒಂದು ಕೈ ಗಟ್ಟಿ, ಮಿಲಿಟರಿ ಅಧಿಕಾರಿಯ ಬಾಯಲ್ಲಿ ಸಹಜ, ಅಲ್ಲಿ ಎದುರು ಮಾತಿಗೆ ಜಾಗವಿಲ್ಲ ಅಂತ ಆ ಬಾಕ್ಸಿನಲ್ಲೇ ಬಿಡಿಸಿ ಹೇಳಿದ್ದಾರೆ. ಇನ್‌ಸ್ಟ್ರಕ್ಟ್ ಸ್ವಲ್ಪ ಫಾರ್ಮಲ್, ಡೈರೆಕ್ಟ್ ಇನ್ನೂ ಆಫೀಸಿನದು. ಆರ್ಡರ್ ಪಕ್ಕದಲ್ಲಿ ಯಾರಿಗೆ ಅನ್ನೋದು ಹೇಗೆ ಬರಬೇಕು ಅಂತ ವಾಕ್ಯದ ಚೌಕಟ್ಟೂ ಇದೆ. ನನ್ನ ಕ್ರ್ಯಾಶ್ ಕಾರ್ಟ್ ಸರ್ಕ್ಯುಲರ್ ಇನ್‌ಸ್ಟ್ರಕ್ಟ್‌ನಲ್ಲಿ ಹೋಯಿತು, ಮೆಮೊ ಡೈರೆಕ್ಟ್‌ನಲ್ಲಿ.

ಎರಡರಲ್ಲೂ ಸಿಗದ ಒಂದು ವಿಷಯ ಇದೆ. ರೋಜೆ ಅಪ್ಪಣೆಯನ್ನು 741ರಲ್ಲಿ, ಕೋರಿಕೆಯನ್ನು ದೂರದ 765ರಲ್ಲಿ ಇಟ್ಟಿದ್ದಾರೆ. ನಮ್ಮ ಆಫೀಸುಗಳಲ್ಲಿ ಇವೆರಡೂ ಒಂದೇ ಮನೆಯವು. "ಯೂ ಆರ್ ರಿಕ್ವೆಸ್ಟೆಡ್ ಟು" ಅಂತ ಬಂದರೆ ಅದು ಕೋರಿಕೆ ಅಂತ ಯಾವ ಸಿಸ್ಟರೂ ಅಂದುಕೊಳ್ಳಲ್ಲ, ಸುಮ್ನೆ ಹೋಗಿ ಮಾಡುತ್ತಾಳೆ. ಪಕ್ಕದಲ್ಲಿ "ಕೈಂಡ್ಲಿ" ಇದ್ದರಂತೂ ಮೇಲಿನವರಿಗೆ ಸಿಟ್ಟು ಬಂದಿದೆ ಅಂತಲೇ ಲೆಕ್ಕ.

ರೋಜೆ ಹಳೇ ಪುಸ್ತಕವಾದ್ದರಿಂದ ಒಬ್ಬರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಈಗಿನ ದಾರಿಗಳಿಗೆ ಅಲ್ಲಿ ಹೆಸರಿಲ್ಲ. ಮೈಕ್ರೋಮ್ಯಾನೇಜ್ (ಸಣ್ಣಪುಟ್ಟದ್ದಕ್ಕೂ ತಲೆ ಹಾಕೋದು) ಇಲ್ಲ, ಗ್ಯಾಸ್‌ಲೈಟಿಂಗ್ (ಒಬ್ಬರಿಗೆ ತಮ್ಮ ಬಗ್ಗೆಯೇ ಅನುಮಾನ ಬರುವಂತೆ ಮಾಡೋದು) ಇಲ್ಲ. 2022ರಲ್ಲಿ ಮೆರಿಯಮ್-ವೆಬ್‌ಸ್ಟರ್ ವರ್ಷದ ಪದ ಅಂತ ಆರಿಸಿದ್ದು ಗ್ಯಾಸ್‌ಲೈಟಿಂಗನ್ನೇ, ಹಾಗಾಗಿ ಹೊಸ ನಿಘಂಟು ಪಕ್ಕದಲ್ಲಿ ಬೇಕೇ ಬೇಕು.

ರೋಜೆಗೆ ಐದಕ್ಕೆ ಮೂರು ಕೊಡ್ತೀನಿ, ಆಕ್ಸ್‌ಫರ್ಡ್‌ಗೆ ನಾಲ್ಕೂವರೆ. ಕಥೆ ಬರೆಯೋರು, ಅನುವಾದ ಮಾಡೋರು ರೋಜೆಯನ್ನು ಇನ್ನೂ ಮೇಲೆ ಇಡಬಹುದು. ಮೆಮೊ ಬರೆಯೋರಿಗೆ ಆಕ್ಸ್‌ಫರ್ಡೇ ಸಾಕು, ಉಚ್ಚಾರವನ್ನೂ ಕೇಳಿಸುತ್ತದೆ. ಗುಟೆನ್‌ಬರ್ಗ್ ಫೈಲ್ ಇಳಿಸಿಕೊಂಡರೆ ಮೊದಲಿಂದ ಉರುಳಿಸುತ್ತಾ ಕೂರಬೇಡಿ, ಹ್ಯಾಶ್ ಗುರುತು ಹಾಕಿ 741 ಅಂತ ಹುಡುಕಿ, ನೇರ ಅಲ್ಲಿಗೇ ಹೋಗುತ್ತದೆ. ಕೆಲವು ಪದಗಳ ಪಕ್ಕ ಬಳಕೆ ತಪ್ಪಿದೆ ಅನ್ನೋ ಗುರುತಿದೆ. ಅವನ್ನು ಮೆಮೊದಲ್ಲಿ ಹಾಕಬೇಡಿ, ಎಚ್‌ಆರ್‌ನವರಿಗೂ ಅರ್ಥ ಆಗಲ್ಲ.