ಅಡ್ಡ ಓಟ ಬೇರೆ, ಮೇಲೆ-ಕೆಳಗಿನ ಓಟ ಬೇರೆ: ಒಂದೇ ಚೆಂಡು, ಮೂರು ಸಾಫ್ಟ್‌ವೇರ್

ಒಂದು ರಬ್ಬರ್ ಚೆಂಡು ಎಡಗಡೆಯಿಂದ ಬರಬೇಕು, ನೆಲಕ್ಕೆ ಬಡಿದು ಪುಟಿಯಬೇಕು, ಪುಟಿಯುತ್ತಲೇ ಬಲಗಡೆ ಹೊರಟುಹೋಗಬೇಕು. ಅನಿಮೇಷನ್ ಕಲಿಯುವವರು ಮೊದಮೊದಲು ಮಾಡುವ ಅಭ್ಯಾಸ ಇದು. ಆದರೆ ಎಷ್ಟೋ ವಿಡಿಯೊಗಳಲ್ಲಿ ಚೆಂಡು ನೆಲ ಮುಟ್ಟುವ ಹೊತ್ತಿಗೆ ನಿಧಾನವಾಗುತ್ತದೆ. ಇಲ್ಲವೇ ತುದಿಗೆ ಏರಿದಾಗ ಅಡ್ಡ ಓಟವೂ ನಿಂತುಬಿಡುತ್ತದೆ. ಎಲ್ಲಿ ತಪ್ಪಿದೆ ಅಂತ ನೋಡುವವರಿಗೆ ಹೇಳಲು ಬರದೇ ಇರಬಹುದು. ಚೆಂಡಿಗೆ ತೂಕವೇ ಇಲ್ಲ ಅನ್ನೋದು ಮಾತ್ರ ತಕ್ಷಣ ಗೊತ್ತಾಗುತ್ತದೆ.

ಎಸೆದ ವಸ್ತು ಅಡ್ಡಕ್ಕೆ ಒಂದೇ ವೇಗದಲ್ಲಿ ಹೋಗುತ್ತದೆ, ಕೆಳಕ್ಕೆ ಬೀಳುವ ವೇಗ ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಗೆಲಿಲಿಯೊ ಇದನ್ನು 1638ರಲ್ಲೇ ಬರೆದಿಟ್ಟ. ಎರಡು ಓಟಗಳೂ ಒಂದರ ಪಾಡಿಗೆ ಒಂದು ನಡೆಯುತ್ತವೆ. ಹಾಗಾದರೆ ಅವೆರಡನ್ನೂ ಬೇರೆಬೇರೆಯಾಗಿ ಹಿಡಿಯಲು ಸಾಫ್ಟ್‌ವೇರ್ ಬಿಡಬೇಕು, ಅಲ್ವಾ? ಇದನ್ನು ನೋಡಲೆಂದೇ ಆಫ್ಟರ್ ಎಫೆಕ್ಟ್ಸ್, ಬ್ಲೆಂಡರ್, ಡಾವಿಂಚಿ ರಿಸಾಲ್ವ್‌ನೊಳಗಿನ ಫ್ಯೂಷನ್ ಮೂರರಲ್ಲೂ ಒಂದೇ ಚೆಂಡನ್ನು ಪುಟಿಸಿದೆ.

ಲೆಕ್ಕವೂ ಮೂರಕ್ಕೂ ಒಂದೇ. ಸೆಕೆಂಡಿಗೆ 25 ಫ್ರೇಮ್. ಚೆಂಡು 400 ಪಿಕ್ಸೆಲ್ ಎತ್ತರದಿಂದ 10 ಫ್ರೇಮಿನಲ್ಲಿ ನೆಲಕ್ಕೆ ಬೀಳುತ್ತದೆ. ಪ್ರತಿ ಪುಟಿತಕ್ಕೂ ಎತ್ತರ ಹಿಂದಿನದರ 64%ಗೆ ಇಳಿದರೆ, ಏರಲು ಬೇಕಾದ ಸಮಯ 80%ಗೆ ಇಳಿಯುತ್ತದೆ. ಅಂದರೆ ಮುಂದಿನ ಪುಟಿತ 256 ಪಿಕ್ಸೆಲ್, ಏರಲು 8 ಫ್ರೇಮ್, ಇಳಿಯಲು 8 ಫ್ರೇಮ್. ಆಮೇಲಿನದು ಸುಮಾರು 164 ಪಿಕ್ಸೆಲ್, ಏರಿ ಇಳಿಯಲು ಒಟ್ಟು 13 ಫ್ರೇಮ್. ಎತ್ತರವನ್ನು ಕಡಿಮೆ ಮಾಡಿ ಸಮಯವನ್ನು ಹಾಗೇ ಬಿಟ್ಟರೆ ಚೆಂಡು ಬಲೂನಿನ ಹಾಗೆ ತೇಲುತ್ತದೆ. ಯಾವ ಸಾಫ್ಟ್‌ವೇರ್ ಬಳಸಿದರೂ ಈ ಲೆಕ್ಕ ಬೇಕೇ ಬೇಕು.

ಮೊದಲು ಆಫ್ಟರ್ ಎಫೆಕ್ಟ್ಸ್. ಇಲ್ಲಿ ಪೊಸಿಷನ್‌ನಲ್ಲಿ, ಅಂದರೆ ವಸ್ತು ಇರುವ ಜಾಗದಲ್ಲಿ, ಎಕ್ಸ್ (ಅಡ್ಡಕ್ಕೆ) ಮತ್ತು ವೈ (ಮೇಲೆ-ಕೆಳಗೆ) ಅಂಟಿಕೊಂಡೇ ಇರುತ್ತವೆ. ಒಂದು ಕೀಫ್ರೇಮ್ (ಈ ಫ್ರೇಮಿನಲ್ಲಿ ವಸ್ತು ಇಲ್ಲಿರಬೇಕು ಅನ್ನುವ ಗುರುತು, ಚಿಕ್ಕದಾಗಿ ಕೀ) ಹಾಕಿದರೆ ಎರಡಕ್ಕೂ ಬೀಳುತ್ತದೆ. ಕೀ ಹತ್ತಿರ ಓಟವನ್ನು ಮೆಲ್ಲಗಾಗಿಸುವ ಈಸಿ ಈಸ್ ಕೊಟ್ಟರೆ ಎರಡೂ ಒಟ್ಟಿಗೆ ನಿಧಾನವಾಗುತ್ತವೆ. ಸ್ಪೀಡ್ ಗ್ರಾಫ್ ತೋರಿಸುವುದೂ ದಾರಿಯುದ್ದದ ಒಟ್ಟು ವೇಗವನ್ನೇ. ಪುಟಿಯುವ ಚೆಂಡಿಗೆ ಇದು ಸರಿಹೋಗುವುದಿಲ್ಲ.

ಪೊಸಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಪರೇಟ್ ಡೈಮೆನ್ಷನ್ಸ್' ಆರಿಸಿದರೆ ಚಿತ್ರವೇ ಬದಲಾಗುತ್ತದೆ. 2008ರಲ್ಲಿ ಸಿಎಸ್4 ಆವೃತ್ತಿಯೊಂದಿಗೆ ಬಂದ ಸೌಲಭ್ಯ ಇದು. ಎಕ್ಸ್‌ಗೆ ಎರಡೇ ಕೀಫ್ರೇಮ್, ಎರಡೂ ಲೀನಿಯರ್ (ಒಂದೇ ವೇಗ), ಅಷ್ಟೇ. ಉಳಿದ ಗಮನವೆಲ್ಲ ವೈ ಮೇಲೆ. ತುದಿಯಲ್ಲಿರುವ ಕೀಗೆ ಎಫ್9 ಒತ್ತಿ: ವೇಗ ಸೊನ್ನೆ, ಇನ್‌ಫ್ಲುಯೆನ್ಸ್ (ಕೀಯ ವೇಗದ ಪ್ರಭಾವ ಎಷ್ಟು ದೂರ ಚಾಚುತ್ತದೆ ಅನ್ನೋದು) 33.33% ತಾನಾಗಿ ಬರುತ್ತದೆ. ನೆಲದ ಕೀ ಮೇಲೆ ರೈಟ್ ಕ್ಲಿಕ್ ಮಾಡಿ ಕೀಫ್ರೇಮ್ ವೆಲಾಸಿಟಿ ತೆರೆಯಿರಿ. ಅಲ್ಲಿ ಕೊಡಬೇಕಾದದ್ದು ಸರಾಸರಿ ವೇಗದ ಎರಡರಷ್ಟು. 400 ಪಿಕ್ಸೆಲ್ 0.4 ಸೆಕೆಂಡಿನಲ್ಲಿ ಅಂದರೆ ಸರಾಸರಿ ಸೆಕೆಂಡಿಗೆ 1000, ಹಾಗಾಗಿ ಒಳಬರುವ ವೇಗ 2000. ಮುಂದಿನ ಪುಟಿತ 256 ಪಿಕ್ಸೆಲ್ 0.32 ಸೆಕೆಂಡಿನಲ್ಲಿ, ಸರಾಸರಿ 800; ಚೆಂಡು ಮೇಲಕ್ಕೆ ಹೊರಡುವುದರಿಂದ ಹೊರಹೋಗುವ ವೇಗ ಮೈನಸ್ 1600. ಇನ್‌ಫ್ಲುಯೆನ್ಸ್ ಎರಡಕ್ಕೂ 33.33%. ಹೀಗೆ ಮಾಡಿದರೆ ಬರುವ ಗೆರೆ ಕಣ್ಣಂದಾಜಿನದಲ್ಲ, ನಿಜವಾದ ಪ್ಯಾರಾಬೋಲಾ, ಎಸೆದ ವಸ್ತು ಹಿಡಿಯುವ ಬಾಗುಗೆರೆ. ಗ್ರಾಫ್ ಹ್ಯಾಂಡಲ್‌ಗಳನ್ನು ಅತ್ತಿತ್ತ ಎಳೆದಾಡುತ್ತಾ ಸಂಜೆ ಕಳೆಯುವವರಿಗೆ ಈ ಮೂರು ಸಂಖ್ಯೆ ಗೊತ್ತಿರಲಿ ಅಂತ ನನ್ನ ಆಸೆ.

ತೊಡಕುಗಳೂ ಇವೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ವೈ ಬೆಲೆ ಕೆಳಕ್ಕೆ ಹೋದಂತೆ ಹೆಚ್ಚುತ್ತದೆ. ಚೆಂಡು ಬೀಳುವಾಗ ಗ್ರಾಫ್ ಮೇಲೇರುತ್ತದೆ. ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಇನ್ನೊಂದು ದೊಡ್ಡದು: ಬೇರೆ ಮಾಡಿದ ಕೂಡಲೇ ದಾರಿಯ ಗೆರೆಯನ್ನು ಬಾಗಿಸುವ ಹ್ಯಾಂಡಲ್‌ಗಳು ಪರದೆಯಿಂದ ಹೋಗುತ್ತವೆ. ಮತ್ತೆ ಸೇರಿಸಬಹುದು ನಿಜ. ಆದರೆ ಹೋಗಿ ಬರುವಾಗ ವೇಗದ, ಬಾಗಿನ ವಿವರ ಒಂದಿಷ್ಟು ಕಳೆದುಹೋಗುತ್ತದೆ. ಅದಕ್ಕೇ ಮೊದಲ ಕೀಫ್ರೇಮ್ ಹಾಕುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.

ಇದೇ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಹಳೆಯ ದಾರಿ ಇದೆ: ನಲ್ ಆಬ್ಜೆಕ್ಟ್, ಅಂದರೆ ವಿಡಿಯೊದಲ್ಲಿ ಕಾಣದ ಖಾಲಿ ಲೇಯರ್. ನಲ್ ಅಡ್ಡಕ್ಕೆ ಓಡುತ್ತದೆ. ಅದಕ್ಕೆ ಪೇರೆಂಟ್ ಮಾಡಿದ, ಅಂದರೆ ಅದರ ಜೊತೆಗೇ ಸಾಗುವಂತೆ ಕಟ್ಟಿದ ಚೆಂಡು ಬರೀ ಮೇಲೆ-ಕೆಳಗೆ ಆಡುತ್ತದೆ. ಲೇಯರ್ ಜಾಸ್ತಿ ಆಗುತ್ತದೆ ಅಂತ ಇದನ್ನು ಬದಿಗಿಡುವವರಿದ್ದಾರೆ. ನನಗೆ ಮಾತ್ರ ಗಿರಾಕಿ ಕೆಲಸಕ್ಕೆ ಇದೇ ಹೆಚ್ಚು ಇಷ್ಟ. ಕಾರಣ ನೆರಳು. ಚೆಂಡಿನ ನೆರಳು ಅಡ್ಡಕ್ಕೆ ಚೆಂಡಿನ ಜೊತೆಗೇ ಹೋಗಬೇಕು, ಮೇಲಕ್ಕೆ ಮಾತ್ರ ಹೋಗಬಾರದು. ನೆರಳನ್ನೂ ಅದೇ ನಲ್‌ಗೆ ಕಟ್ಟಿದರೆ ಮುಗಿಯಿತು. 'ಸ್ವಲ್ಪ ಬೇಗ ಬಲಕ್ಕೆ ಹೋಗಲಿ' ಅಂತ ಗಿರಾಕಿ ಹೇಳಿದರೆ ನಲ್‌ನ ಒಂದು ಕೀ ಸರಿಸಿದರೆ ಸಾಕು, ಪುಟಿತ ಹಾಗೇ ಉಳಿಯುತ್ತದೆ. ಎಕ್ಸ್‌ಪ್ರೆಷನ್ (ಪುಟ್ಟ ಕೋಡ್) ಬರೆದೂ ಎರಡನ್ನು ಬೇರೆ ಮಾಡಬಹುದು. ಆದರೆ ಒಂದು ಚೆಂಡಿಗೆ ಅಷ್ಟು ಬೇಡ. ಅಕ್ಷರಗಳು ಮೇಲೆ-ಕೆಳಗೆ ಮಾತ್ರ ನಡುಗಬೇಕು ಅನ್ನುವಾಗ ಅದು ಕೆಲಸಕ್ಕೆ ಬರುತ್ತದೆ. ಡೈಮೆನ್ಷನ್ಸ್ ಬೇರೆ ಮಾಡಿ ವೈ ಮೇಲೆ ವಿಗಲ್ ಅನ್ನುವ ನಡುಗಿಸುವ ಎಕ್ಸ್‌ಪ್ರೆಷನ್ ಹಾಕಿದರೆ ಆಯ್ತು.

ಬ್ಲೆಂಡರ್‌ನಲ್ಲಿ ಬೇರೆ ಮಾಡುವ ಪ್ರಶ್ನೆಯೇ ಇಲ್ಲ. ಎಕ್ಸ್, ವೈ, ಝಡ್ ಮೂರಕ್ಕೂ ಮೊದಲಿನಿಂದಲೇ ಬೇರೆಬೇರೆ ಎಫ್-ಕರ್ವ್, ಅಂದರೆ ಸಮಯದ ಜೊತೆ ಬೆಲೆ ಬದಲಾಗುವುದನ್ನು ತೋರಿಸುವ ಗೆರೆ. ನಾನು ಎಕ್ಸ್‌ನಲ್ಲಿ ಓಡಿಸಿ ಝಡ್‌ನಲ್ಲಿ ಪುಟಿಸಿದೆ. ಝಡ್ ಮೇಲ್ಮುಖವಾಗಿ ಹೆಚ್ಚುವುದರಿಂದ ಗ್ರಾಫಿನಲ್ಲಿ ಕಾಣುವುದೂ ಚೆಂಡಿನ ಪುಟಿತವೇ. ಒಂದು ದಿಕ್ಕಿಗೆ ಮಾತ್ರ ಕೀ ಬೇಕಾದರೆ ಆ ಸಂಖ್ಯೆಯ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್ಸರ್ಟ್ ಸಿಂಗಲ್ ಕೀಫ್ರೇಮ್' ಕೊಡಬೇಕು. ಗ್ರಾಫ್ ಎಡಿಟರ್‌ನಲ್ಲಿ ಟಿ ಒತ್ತಿ ಕ್ವಾಡ್ರಾಟಿಕ್ ಆರಿಸಿ, ತುದಿಯ ಕೀಗೆ ಈಸ್ ಇನ್, ನೆಲದ ಕೀಗೆ ಈಸ್ ಔಟ್ ಕೊಟ್ಟರೆ ಅದೇ ಪ್ಯಾರಾಬೋಲಾ ಸಿಗುತ್ತದೆ. ಗುಣಾಕಾರವೂ ಬೇಡ. ಅದೇ ಪಟ್ಟಿಯಲ್ಲಿ ಬೌನ್ಸ್ ಅಂತಲೂ ಇದೆ, ಆದರೆ ಅದರ ಪುಟಿತಗಳ ಎತ್ತರ ನಮ್ಮ ಕೈಲಿರುವುದಿಲ್ಲ. ಚೆಂಡು ಚಪ್ಪಟೆಯಾಗುವುದನ್ನು ತೋರಿಸಲೂ ಬ್ಲೆಂಡರ್ ಅನುಕೂಲ. ಸ್ಕೇಲ್‌ಗೂ ದಿಕ್ಕಿಗೊಂದು ಕರ್ವ್ ಇದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಸೆಪರೇಟ್ ಡೈಮೆನ್ಷನ್ಸ್ ಪೊಸಿಷನ್‌ಗೆ ಮಾತ್ರ. ಕಲಿಯಲು ಹೊರಟವರಿಗೆ ನಾನು ಬ್ಲೆಂಡರ್ ಅನ್ನೇ ಮೊದಲು ಹೇಳುತ್ತೇನೆ, ಬರೀ ಉಚಿತ ಅಂತಲ್ಲ. ಎರಡು ಓಟ ಬೇರೆ ಅನ್ನೋದು ಅಲ್ಲಿ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಫ್ಯೂಷನ್ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಸಿಗುತ್ತದೆ. ಇಲ್ಲಿ ಪೊಸಿಷನ್‌ನ ಹೆಸರು ಸೆಂಟರ್. ಅದಕ್ಕೆ ನೇರವಾಗಿ ಕೀ ಹಾಕಿದರೆ ಅದು ಪಾತ್ (ದಾರಿ) ಆಗುತ್ತದೆ. ಸ್ಪ್ಲೈನ್ ಎಡಿಟರ್‌ನಲ್ಲಿ ದಾರಿಯಲ್ಲಿ ಎಷ್ಟು ಭಾಗ ಸಾಗಿದೆ ಅನ್ನುವ, ಸೊನ್ನೆಯಿಂದ ಒಂದರವರೆಗಿನ ಡಿಸ್‌ಪ್ಲೇಸ್‌ಮೆಂಟ್ ಮಾತ್ರ ಕಾಣುತ್ತದೆ. ಅದರ ಬದಲು ರೈಟ್ ಕ್ಲಿಕ್ ಮಾಡಿ ಮಾಡಿಫೈ ವಿತ್ ಅಡಿಯಲ್ಲಿ 'ಎಕ್ಸ್‌ವೈ ಪಾತ್' ಆರಿಸಿದರೆ ಎರಡು ಕರ್ವ್ ಸಿಗುತ್ತವೆ. ಅಳತೆ ಪಿಕ್ಸೆಲ್‌ನಲ್ಲಿ ಇರುವುದಿಲ್ಲ. 1920-1080 ಫ್ರೇಮಿನಲ್ಲಿ 0.1 ಅಂದರೆ ಅಡ್ಡಕ್ಕೆ 192 ಪಿಕ್ಸೆಲ್, ಉದ್ದಕ್ಕೆ 108. ನಮ್ಮ 400 ಪಿಕ್ಸೆಲ್ ಎತ್ತರ ಇಲ್ಲಿ ಸುಮಾರು 0.37. ಎಡಿಟಿಂಗ್ ರಿಸಾಲ್ವ್‌ನಲ್ಲೇ ಮಾಡುವವರಿಗೆ ಇಷ್ಟು ಸಾಕು. ಉಳಿದವರು ಇದಕ್ಕಾಗಿಯೇ ಅಲ್ಲಿಗೆ ಹೋಗಬೇಕಾಗಿಲ್ಲ.

ಎಲ್ಲವನ್ನೂ ಬೇರೆ ಮಾಡುವ ಅಭ್ಯಾಸವೂ ಬೇಡ. ನಕ್ಷೆಯ ಮೇಲೆ ಆಗುಂಬೆ ಘಾಟಿ ಇಳಿಯುವ ಬಸ್ಸನ್ನು ತೋರಿಸಬೇಕು ಅಂದುಕೊಳ್ಳಿ. ಅಲ್ಲಿ ಮುಖ್ಯ ರಸ್ತೆಯ ಬಾಗು. ಎಕ್ಸ್ ಒಂದು ಕಡೆ, ವೈ ಒಂದು ಕಡೆ ಹಿಡಿದು ಆ ತಿರುವುಗಳನ್ನು ಮೂಡಿಸುವುದು ಸುಮ್ನೆ ಹಿಂಸೆ. ಬ್ಲೆಂಡರ್‌ನಲ್ಲಾದರೆ ರಸ್ತೆಯನ್ನೇ ಕರ್ವ್ ಆಗಿ ಬಿಡಿಸಿ ಬಸ್ಸಿಗೆ ಆ ಗೆರೆಯ ಮೇಲೇ ಓಡಿಸುವ ಫಾಲೋ ಪಾತ್ ಹಾಕಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪೊಸಿಷನ್ ಅನ್ನು ಒಂದಾಗಿಯೇ ಇಟ್ಟು, ದಾರಿಯನ್ನು ಹ್ಯಾಂಡಲ್‌ಗಳಿಂದ ಬಾಗಿಸಿ, ಮಧ್ಯದ ಕೀಗಳಿಗೆ 'ರೋವ್ ಅಕ್ರಾಸ್ ಟೈಮ್' ಕೊಡಿ. ಆಗ ವೇಗ ಸಮನಾಗುವಂತೆ ಆ ಕೀಗಳ ಸಮಯವನ್ನು ಸಾಫ್ಟ್‌ವೇರೇ ಹೊಂದಿಸುತ್ತದೆ. ತಿರುವಿನಲ್ಲೂ ನೇರ ರಸ್ತೆಯಲ್ಲೂ ಬಸ್ ಒಂದೇ ವೇಗದಲ್ಲಿ ಓಡುತ್ತದೆ.