ಸ್ವಿಫ್ಟಿಗೆ 185 ಸಾಕೋ 195 ಬೇಕೋ: ಚಾರ್ಮಾಡಿ ಹತ್ತಿಳಿದ ಮೇಲೆ ನನ್ನ ಲೆಕ್ಕ

ಹಳೆಯ ಸ್ವಿಫ್ಟ್ ವಿಎಕ್ಸ್‌ಐ (ನಡುವಿನ ವೇರಿಯಂಟ್) ಇಟ್ಟುಕೊಂಡು ಅಗಲದ ಟೈರಿನ ಆಸೆಗೆ ಬಿದ್ದವರು ಕಣ್ಣು ಮುಚ್ಚಿ 185/65 ಆರ್15 (ಅಗಲ 185 ಮಿಲಿಮೀಟರ್, ಟೈರಿನ ಗೋಡೆಯ ಎತ್ತರ ಅದರಲ್ಲಿ ನೂರಕ್ಕೆ 65, ರಿಮ್ 15 ಇಂಚು) ಹಾಕಿಸಿ. ರಿಮ್ ಮಾತ್ರ ಕಣ್ಣು ಬಿಟ್ಟುಕೊಂಡು ಆರಿಸಿ. ನನ್ನ ತೀರ್ಪು ಇಷ್ಟೇ. ಉಳಿದದ್ದು ಇಲ್ಲಿಗೆ ಹೇಗೆ ಬಂದು ನಿಂತೆ ಅನ್ನುವ ವಿವರ. ಅದರಲ್ಲೂ ದೊಡ್ಡ ಪಾಲು ನನ್ನ ತಮ್ಮನ ಅಲಾಯ್ ವೀಲಿನ (ಮಿಶ್ರಲೋಹದ ಚಕ್ರದ) ರಗಳೆ.

ನಮ್ಮ ಬಳಗದಲ್ಲಿ ಒಂದೇ ತಲೆಮಾರಿನ ಸ್ವಿಫ್ಟ್ ಮೂರಿವೆ. ನನ್ನದು ಆಲ್ದೂರು ಕಡೆ, ತಮ್ಮನದು ಚಿಕ್ಕಮಗಳೂರು ಪೇಟೆಯಲ್ಲಿ, ಭಾವನದು ಹಾಸನದಲ್ಲಿ. ಮೂರಕ್ಕೂ ಕಂಪನಿ ಕೊಟ್ಟದ್ದು 165/80 ಆರ್14, ಐದು ಇಂಚು ಅಗಲದ ಕಬ್ಬಿಣದ ರಿಮ್. ಮೂರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಸವೆದವು, ಮೂವರೂ ಮೂರು ದಾರಿ ಹಿಡಿದೆವು. ಭಾವ ಹಳೆಯ ರಿಮ್ಮಿಗೇ 185/70 ಆರ್14 ಏರಿಸಿದರು. ತಮ್ಮ ಹೊರಗಿನ, ಅಂದರೆ ಕಾರು ಕಂಪನಿಯದಲ್ಲದ, ಅಲಾಯ್ ತಂದು 195/60 ಆರ್15 ಹಾಕಿಸಿದ. ನಾನು 185/65 ಆರ್15. ಗಾಡಿ ಒಂದೇ ಆದ್ದರಿಂದ ಯಾರ ಚಕ್ರ ಯಾರ ಕಾರಿಗೂ ಕೂರುತ್ತದೆ. ಅದಲುಬದಲು ಮಾಡಿಕೊಂಡು ಓಡಿಸಿದ್ದೇನೆ: ಪುಷ್ಯ ಮಳೆಯಲ್ಲಿ ಚಾರ್ಮಾಡಿ, ಬೇಸಿಗೆಯಲ್ಲಿ ಬೇಲೂರು ಮೇಲೆ ಹಾಸನ, ರೈಲು ಹಿಡಿಯಲು ಕಡೂರು.

ಅಗಲದ ಟೈರು ಯಾಕೆ ಬೇಕಾಯಿತು ಅಂದರೆ, ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ಒದ್ದೆ ತಿರುವುಗಳಲ್ಲಿ ಸವೆದ 165 ಮೂತಿಯನ್ನು ಹೊರಗೆ ಎಳೆಯುತ್ತಿತ್ತು. ಸ್ಟೀರಿಂಗ್ ತಿರುಗಿಸಿದರೂ ಕಾರು ಅರ್ಧ ಕ್ಷಣ ಯೋಚನೆ ಮಾಡುತ್ತಿತ್ತು. ಇದರಲ್ಲಿ ಅಗಲದ ಪಾಲೆಷ್ಟು, ಸವಕಲಿನ ಪಾಲೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಹೊಸ 165 ಹಾಕಿಸಿದ್ದರೂ ಅರ್ಧ ಸಮಸ್ಯೆ ಹೋಗುತ್ತಿತ್ತು ಅನ್ನುವುದು ನನ್ನ ಅಂದಾಜು. ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದು ಮುಖ್ಯವಾಗಿ ರಬ್ಬರಿನ ಗುಣ ಮತ್ತು ಟೈರಿನ ಮೇಲಿನ ಗೀರುಗಳ ಆಳ. ನೀರು ನಿಂತ ನೇರ ರಸ್ತೆಯಲ್ಲಂತೂ ಅಗಲದ ಟೈರು ಸಪೂರದ್ದಕ್ಕಿಂತ ಬೇಗ ತೇಲುತ್ತದೆ. ಟೈರಿನ ಅಂಗಡಿಯಲ್ಲಿ ಇದನ್ನು ಹೇಳುವವರು ಸಿಕ್ಕುವುದಿಲ್ಲ.

ಭಾವನ ದಾರಿ ಅಗ್ಗದ್ದು. ರಿಮ್ಮಿಗೆ ಕಾಸು ಬಿಚ್ಚುವಂತಿಲ್ಲ, ನಟ್ಟು ಬೋಲ್ಟು ಎಲ್ಲ ಹಳೆಯದೇ. 185/70 ಆರ್14 ಟೈರಿಗೆ ನಾಲ್ಕೂವರೆಯಿಂದ ಆರು ಇಂಚಿನವರೆಗಿನ ರಿಮ್ ಆಗುತ್ತದೆ, ಆದರೆ ಅದರ ಅಗಲವನ್ನು ಅಳೆಯುವುದೇ ಐದೂವರೆ ಇಂಚಿನ ರಿಮ್ಮಿನ ಮೇಲೆ. ಐದರ ಮೇಲೆ ಕೂರಿಸಿದಾಗ ಬುಡ ಬಿಗಿದು ಹೊಟ್ಟೆ ಉಬ್ಬುತ್ತದೆ. ನೇರ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಶಿರಾಡಿಯ ತಿರುವುಗಳಲ್ಲಿ ಟೈರಿನ ಗೋಡೆ ಮೊದಲು ವಾಲಿ ಆಮೇಲೆ ಕಾರು ತಿರುಗುತ್ತದೆ. ನನಗೆ ಹಿಡಿಸಲಿಲ್ಲ. ಭಾವನಿಗೆ ಇದು ಗಮನಕ್ಕೇ ಬಂದಿಲ್ಲ, ಯಾಕೆಂದರೆ ಅವರು ಸಾಲಗಾಮೆ ರಸ್ತೆಯಿಂದ ಬಿ.ಎಂ. ರಸ್ತೆಗೆ ಹೋಗಿ ಬರುವುದೇ ಹೆಚ್ಚು. ಗುಂಡಿಯಲ್ಲಿ ಇಳಿದಾಗ ಮೂರರಲ್ಲಿ ಮೆತ್ತಗಿರುವುದು ಇದೇ, ಅದನ್ನು ಒಪ್ಪಲೇಬೇಕು. ಹೊರ ಅಳತೆ (ವ್ಯಾಸ) ಮೂಲಕ್ಕಿಂತ ಐದು ಮಿಲಿಮೀಟರ್ ಕಡಿಮೆ, ಸ್ಪೀಡೋಮೀಟರಿನಲ್ಲಿ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಬರುವುದಿಲ್ಲ.

ಇನ್ನು ತಮ್ಮನ ಅಲಾಯ್.

ನೋಡಲು ಚಂದ, ಅದರಲ್ಲಿ ಎರಡು ಮಾತಿಲ್ಲ. ಆರೂವರೆ ಇಂಚು ಅಗಲ, ಎಂಟು ತೂತು. ಎಂಟು ಯಾಕೆ ಅಂದರೆ ನಾಲ್ಕು ನಟ್ಟಿನ ಎರಡು ಬಗೆಯ ಕಾರುಗಳಿಗೆ, 100 ಪಿಸಿಡಿಗೂ 108 ಪಿಸಿಡಿಗೂ, ಒಂದೇ ರಿಮ್ ಮಾರಬಹುದು. ಪಿಸಿಡಿ ಅಂದರೆ ನಟ್ಟಿನ ತೂತುಗಳ ನಡುವೆ ಹಾಯುವ ವೃತ್ತದ ವ್ಯಾಸ, ಮಿಲಿಮೀಟರಿನಲ್ಲಿ. ನಮ್ಮ ಸ್ವಿಫ್ಟಿನದು 100. ಅಂಗಡಿಯವರು ಪಿಸಿಡಿ ಸರಿಯಿದೆ ಅಂದರು, ಇವನು ದುಡ್ಡು ಕೊಟ್ಟ. ಪೇಟೆಯೊಳಗೆ, ಆಲ್ದೂರು ರಸ್ತೆಯಲ್ಲಿ, ಎಲ್ಲೂ ತೊಂದರೆಯಿಲ್ಲ. ಅತ್ತೆಯನ್ನು ರೈಲಿಗೆ ಬಿಡಲು ಕಡೂರಿಗೆ ಹೊರಟಾಗ ಎಪ್ಪತ್ತೈದು ದಾಟುತ್ತಿದ್ದಂತೆ ಸ್ಟೀರಿಂಗ್ ನಡುಗಲು ಶುರು. ತೊಂಬತ್ತರ ಹತ್ತಿರ ಕಡಿಮೆಯಾಗಿ ಮತ್ತೆ ಇಳಿಸುವಾಗ ಹಾಜರು.

ಮೊದಲು ಬ್ಯಾಲೆನ್ಸಿಂಗ್ ಅಂದರು. ಮಾಡಿಸಿದ. ಮೆಷಿನ್ನಿನಲ್ಲಿ ಸೊನ್ನೆ ತೋರಿಸಿತು, ರಸ್ತೆಯಲ್ಲಿ ನಡುಕ ಹಾಗೇ. ಆಮೇಲೆ ಅಲೈನ್‌ಮೆಂಟ್. ಅದೂ ಆಯಿತು. ಮತ್ತೆ ಹೋದರೆ "ಹೊಸ ಟೈರಲ್ವಾ ಸಾರ್, ಒಂದು ಐನೂರು ಕಿಲೋಮೀಟರ್ ಓಡ್ಸಿ, ಸೆಟ್ ಆಗುತ್ತೆ" ಅಂದರು. ಸೆಟ್ ಆಗಲಿಲ್ಲ. ಬೇರೊಬ್ಬರು ಬ್ರೇಕ್ ಡಿಸ್ಕ್ ಬೆಂಡ್ ಆಗಿದೆ ಅಂದರು. ಬ್ರೇಕ್ ಒತ್ತದೇ ಇದ್ದಾಗಲೂ ನಡುಗುವ ಸ್ಟೀರಿಂಗಿಗೆ ಬ್ರೇಕ್ ಡಿಸ್ಕನ್ನು ಹೊಣೆ ಮಾಡುವುದು ಹೇಗೆ? "ಅಣ್ಣ, ಕಾರನ್ನೇ ಮಾರಿಬಿಡ್ತೀನಿ" ಅನ್ನುವ ಮಟ್ಟಕ್ಕೆ ಬಂದಿದ್ದ.

ಗುಟ್ಟು ಬಿಟ್ಟದ್ದು ಚಕ್ರ ಅದಲುಬದಲು ಮಾಡುವಾಗ. ನನ್ನ ರಿಮ್ಮನ್ನು ಹಬ್ಬಿಗೆ (ಚಕ್ರ ಕೂರುವ ಕಾರಿನ ಭಾಗಕ್ಕೆ) ತೂಗಿದರೆ ನಟ್ಟು ಹಾಕುವ ಮೊದಲೇ ನಡುವಿನ ಮೂತಿಯ ಮೇಲೆ ಬಿಗಿಯಾಗಿ ಕೂರುತ್ತದೆ. ಅವನದು ಕೂರುವುದಿಲ್ಲ, ನಟ್ಟು ತಿರುಗಿಸುವ ಬೋಲ್ಟಿನ, ಅಂದರೆ ಸ್ಟಡ್ಡಿನ, ಮೇಲೆ ಜೋಲುತ್ತದೆ. ಸ್ವಿಫ್ಟಿನ ಹಬ್ಬಿನ ಮೂತಿ 54.1 ಮಿಲಿಮೀಟರ್. ಹೊರಗಿನ ಅಲಾಯ್‌ಗಳಲ್ಲಿ ಎಲ್ಲ ಕಾರಿಗೂ ಆಗಲಿ ಅಂತ ನಡುವಿನ ತೂತು ದೊಡ್ಡದಾಗಿಯೇ ಇಟ್ಟಿರುತ್ತಾರೆ, ತಮ್ಮನದರಲ್ಲಿ ಅದು 73.1. ಅಂದರೆ ಸುತ್ತಲೂ ಒಂಬತ್ತೂವರೆ ಮಿಲಿಮೀಟರ್ ಖಾಲಿ. ಕಿರುಬೆರಳು ಆಡಿಸಬಹುದು.

ಬ್ಯಾಲೆನ್ಸಿಂಗ್ ಮೆಷಿನ್ ಸೊನ್ನೆ ತೋರಿಸಿದ್ದು ಸುಳ್ಳೇನಲ್ಲ. ಅದು ಚಕ್ರವನ್ನು ಹಿಡಿಯುವುದು ನಡುವಿನ ತೂತಿಗೆ ಶಂಕುವಿನಂಥ ಕೋನ್ ತೂರಿಸಿ, ಹಾಗಾಗಿ ಅಲ್ಲಿ ಚಕ್ರ ಸರಿಯಾಗಿ ನಡುವಿನಲ್ಲೇ ಇರುತ್ತದೆ. ಕಾರಿನಲ್ಲಿ ಆ ತೂತಿಗೆ ಆಸರೆಯೇ ಇಲ್ಲ, ನಾಲ್ಕು ನಟ್ಟುಗಳು ಎಲ್ಲಿಗೆ ಎಳೆದವೋ ಅಲ್ಲಿಗೆ ಸರಿ. ಅಂಗಡಿ ಹುಡುಗ ಗಾಳಿ ಗನ್ ಹಿಡಿದು ಮೊದಲನೇ ನಟ್ಟನ್ನೇ ಕಚ್ಚಿಸಿಬಿಟ್ಟರೆ ಚಕ್ರ ಕೂದಲೆಳೆಯಷ್ಟು ಒಂದು ಕಡೆ ಸರಿದು ಅಲ್ಲೇ ನಿಲ್ಲುತ್ತದೆ. ಎಂಬತ್ತರ ವೇಗದಲ್ಲಿ ಈ ಚಕ್ರ ಸೆಕೆಂಡಿಗೆ ಹನ್ನೊಂದಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಆ ಕೂದಲೆಳೆಯೇ ಕೈಗೆ ಬಡಿಯುವುದು. ನಮ್ಮ ತೋಟದ ರಸ್ತೆಯಲ್ಲಿ ಐವತ್ತು ದಾಟುವ ಭಾಗ್ಯವೇ ಇಲ್ಲವಲ್ಲ, ಅದಕ್ಕೇ ಊರೊಳಗೆ ಗೊತ್ತಾಗಲಿಲ್ಲ.

ಮದ್ದು ಚಿಕ್ಕದು: ಹಬ್ ರಿಂಗ್. ಹೊರಗೆ 73.1, ಒಳಗೆ 54.1 ಇರುವ ಬಳೆ. ಪ್ಲಾಸ್ಟಿಕ್ಕಿನದೂ ಇದೆ, ಅಲ್ಯುಮಿನಿಯಮ್ಮಿನದೂ ಇದೆ. ನಾವು ಕೇಳಿದ ಅಂಗಡಿಗಳಲ್ಲಿ ಇಟ್ಟಿರಲಿಲ್ಲ, ಕೆಲವರಿಗೆ ಏನೆಂದೇ ಗೊತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ನಾಲ್ಕಕ್ಕೆ ಕೆಲವು ನೂರು ರೂಪಾಯಿ. ಹಬ್ಬಿನ ತುಕ್ಕನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ, ಬಳೆ ಹಾಕಿ, ಚಕ್ರ ಗಾಳಿಯಲ್ಲಿರುವಾಗಲೇ ನಟ್ಟುಗಳನ್ನು ಎದುರುಬದುರಾಗಿ ಕೈಯಲ್ಲೇ ತಿರುಗಿಸಿ, ಕೆಳಗಿಳಿಸಿದ ಮೇಲೆ ಪೂರ್ತಿ ಬಿಗಿ ಮಾಡಿದೆವು. ಕಡೂರು ರಸ್ತೆಯಲ್ಲಿ ನಡುಕ ಹೋಯಿತು. ಇಷ್ಟು ದುಡ್ಡಿನ ಅಲಾಯ್ ಮಾರುವವರು ಆ ಬಳೆಯನ್ನು ಜತೆಗೇ ಕೊಟ್ಟರೆ ಅವರ ಗಂಟೇನು ಹೋಗುತ್ತದೋ ಕಾಣೆ. ಹೊರಗಿನ ಅಲಾಯ್ ಕೊಳ್ಳುವವರು ಪಿಸಿಡಿ ಜತೆ ನಡುವಿನ ತೂತಿನ ಅಳತೆಯನ್ನೂ ಕೇಳಿ. ಉತ್ತರ ಬರದಿದ್ದರೆ ಬೇರೆ ಅಂಗಡಿ ನೋಡಿ. ನಟ್ಟಿನ ಎಳೆಯನ್ನೂ ನೋಡಿಕೊಳ್ಳಿ. ಮಾರುತಿಗೆ ಬೇಕಾದದ್ದು 12 ಮಿಲಿಮೀಟರ್ ದಪ್ಪದ ಸ್ಟಡ್ಡಿಗೆ 1.25 ಮಿಲಿಮೀಟರ್ ಅಂತರದ ಎಳೆ. 1.5ರ ನಟ್ಟು ಎರಡು ಸುತ್ತು ಹೋಗಿ ಕಚ್ಚಿಕೊಂಡು ಸ್ಟಡ್ಡನ್ನೇ ತಿನ್ನುತ್ತದೆ.

ನಡುಕ ಹೋದರೂ ಉಜ್ಜುವುದು ಹೋಗಲಿಲ್ಲ. ಐದು ಇಂಚಿನ ರಿಮ್ ಇದ್ದ ಜಾಗಕ್ಕೆ ಆರೂವರೆ ಇಂಚಿನದು ಬಂದರೆ ಒಳಗೂ ಹೊರಗೂ 19 ಮಿಲಿಮೀಟರ್ ಚಾಚುತ್ತದೆ. ಸಾಲದ್ದಕ್ಕೆ ಇವನ ಅಲಾಯ್ ಮೇಲೆ ಇಟಿ 35 ಅಂತ ಅಚ್ಚಾಗಿದೆ. ಇಟಿ ಅಂದರೆ ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖದವರೆಗಿನ ದೂರ, ಮಿಲಿಮೀಟರಿನಲ್ಲಿ. ಇಟಿ ಅಂಕಿ ಕಡಿಮೆಯಾದಷ್ಟೂ ಚಕ್ರ ಮಡ್‌ಗಾರ್ಡಿನಿಂದ ಆಚೆ ಬರುತ್ತದೆ, ಕಂಪನಿ ರಿಮ್ಮಿನದು ಇದಕ್ಕಿಂತ ಜಾಸ್ತಿ. ಒಬ್ಬನೇ ಓಡಿಸುವಾಗ ಸದ್ದಿಲ್ಲ. ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಹಲಸಿನಹಣ್ಣೋ ಬಾಳೆಗೊನೆಯೋ ಇದ್ದರೆ ಪ್ರತಿ ಹಂಪಿನಲ್ಲೂ ಗರ್‌ ಅನ್ನುತ್ತದೆ. ಚಾರ್ಮಾಡಿಯ ಹಿಮ್ಮುರಿ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಮಡ್‌ಗಾರ್ಡಿನ ಒಳ ಲೈನಿಂಗಿಗೂ ತಾಗುತ್ತದೆ. ಒಣ ರಸ್ತೆಯಲ್ಲಿ ಹಿಡಿತ ಮೂರರಲ್ಲಿ ಇದರದ್ದೇ ಮೇಲು, ಬ್ರೇಕಿಗೂ ಚೆನ್ನಾಗಿ ನಿಲ್ಲುತ್ತದೆ. ನನಗೆ ಅಷ್ಟು ಹಿಡಿತದ ಅಗತ್ಯ ಬೀಳುವ ವೇಗವೇ ಇಲ್ಲ.

ನನ್ನ 185/65 ಆರ್15 ಬಗ್ಗೆ ದೂರು ಕಡಿಮೆ, ಆದ್ದರಿಂದ ಹೇಳುವುದೂ ಕಡಿಮೆ. ಸ್ವಿಫ್ಟಿನ ಮೇಲಿನ ವೇರಿಯಂಟ್ ಝಡ್‌ಎಕ್ಸ್‌ಐಗೆ ಕಂಪನಿಯೇ ಹಾಕಿ ಕಳಿಸುವ ಸೈಜು ಇದು. 165/80 ಆರ್14ರ ಹೊರ ಅಳತೆ ಸುಮಾರು 620 ಮಿಲಿಮೀಟರ್ ಆದರೆ ಇದರದ್ದು 621.5, ಮೀಟರಿಗೆ ವ್ಯತ್ಯಾಸವೇ ತಿಳಿಯದು. ಭಾರದ ಸೂಚ್ಯಂಕ 85 ಇದ್ದದ್ದು 88 ಆಯಿತು: ಒಂದು ಟೈರು ಹೊರುವ ತೂಕ 515 ಕಿಲೋದಿಂದ 560ಕ್ಕೆ. ಗೊಬ್ಬರದ ಚೀಲವನ್ನು ಸ್ವಿಫ್ಟಿನಲ್ಲಿ ತರುವ ನನ್ನಂಥವರಿಗೆ ಇದು ಸಣ್ಣ ವಿಷಯವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ಹೊರತಾದ ಬದಲಾವಣೆಗೆ ಅಡ್ಡ ಬರುತ್ತದೆ. ಅದೇ ಕಾರಿನ ಮೇಲಿನ ವೇರಿಯಂಟಿನ ಸೈಜು ಇಟ್ಟುಕೊಂಡರೆ ನಾಳೆ ವಿಮೆಯವರ ಮುಂದೆ ಮಾತಾಡಲು ಬಾಯಿರುತ್ತದೆ.

ರಿಮ್ಮಿಗೆ ಅಲಾಯ್ ಕಡೆ ಹೋಗದೆ ಬಲೆನೋದ 15 ಇಂಚಿನ ಕಬ್ಬಿಣದ್ದು ತಂದೆ, ಸೆಕೆಂಡ್ ಹ್ಯಾಂಡ್. ಅದೇ ನಾಲ್ಕು ನಟ್ಟು, ಅದೇ 100, ಅದೇ 54.1, ಬಳೆಯ ಗೋಳಿಲ್ಲ. ತರುವಾಗ ನಾಲ್ಕನ್ನೂ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಿ ಬೆಂಡ್ ನೋಡಿದ್ದೆ, ಒಂದನ್ನು ಅಲ್ಲೇ ವಾಪಸ್ ಕೊಟ್ಟು ಬೇರೆಯದು ತಗೊಂಡೆ. ತಮ್ಮ ಇದನ್ನು ನೋಡಿ ಟ್ಯಾಕ್ಸಿ ಅಂತ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ತೋಟದ ರಸ್ತೆಯ ಕಲ್ಲಿಗೆ ಕಬ್ಬಿಣದ ರಿಮ್ ಬಡಿದರೆ ಬಗ್ಗುತ್ತದೆ, ಪಂಕ್ಚರ್ ಅಂಗಡಿಯಲ್ಲಿ ಸುತ್ತಿಗೆಯಲ್ಲಿ ನಾಲ್ಕು ಬಿಗಿದು ಗಾಳಿ ನಿಲ್ಲುವ ಹಾಗೆ ಮಾಡಿಕೊಡುತ್ತಾರೆ. ಅಲಾಯ್ ಸೀಳಿದರೆ ಹೊಸದೇ ಗತಿ.

ಇದಕ್ಕೂ ಕೊರತೆಗಳಿವೆ. ಕೆಸರಿನಲ್ಲಿ ಹಳೆಯ 165 ಇದಕ್ಕಿಂತ ವಾಸಿ. ಮಳೆ ಹಿಡಿದ ಮೇಲೆ ನಮ್ಮ ಮನೆಯ ಏರಿನ ಕೆಮ್ಮಣ್ಣನ್ನು ಸಪೂರದ ಟೈರು ಸೀಳಿಕೊಂಡು ಗಟ್ಟಿ ನೆಲ ಹುಡುಕುತ್ತಿತ್ತು. 185 ಮೇಲೆಯೇ ಜಾರುತ್ತದೆ, ಈಗ ಏರಿನ ಬುಡದಲ್ಲೇ ಕಾರು ನಿಲ್ಲಿಸಿ ನಡೆದು ಹೋಗುವ ದಿನಗಳು ಹೆಚ್ಚಾಗಿವೆ. ಮೈಲೇಜ್ ಲೀಟರಿಗೆ ಒಂದು ಕಿಲೋಮೀಟರಿನ ಆಸುಪಾಸು ಇಳಿದಿದೆ. ಸ್ಟೀರಿಂಗ್ ನಿಂತಲ್ಲಿ ತುಸು ಭಾರ. ಟೈರಿನ ಗೋಡೆ 132 ಮಿಲಿಮೀಟರ್ ಇದ್ದದ್ದು 120ಕ್ಕೆ ಬಂದಿದೆ, ಗುಂಡಿಗಳು ಸೊಂಟಕ್ಕೆ ಸ್ವಲ್ಪ ಹತ್ತಿರವಾಗಿವೆ.

ಸ್ಟೆಪ್ನಿ ಹಳೆಯ 14 ಇಂಚಿನದೇ. ಎತ್ತರ ಹೆಚ್ಚುಕಮ್ಮಿ ಒಂದೇ ಇರುವುದರಿಂದ ಪಂಕ್ಚರ್ ಅಂಗಡಿವರೆಗೆ ಹೋಗಲು ಧಾರಾಳ ಸಾಕು.

ಬ್ರ್ಯಾಂಡ್ ಜಗಳಕ್ಕೆ ನಾನಿಲ್ಲ. ಗೋಡೆಯ ಮೇಲಿನ ನಾಲ್ಕು ಅಂಕಿ ಮಾತ್ರ ನೋಡಿ ಕೊಳ್ಳಿ: 2324 ಅಂದರೆ 2024ರ 23ನೇ ವಾರ ತಯಾರಾದದ್ದು. ರಿಯಾಯಿತಿ ಜಾಸ್ತಿ ಇದ್ದ ಕಡೆ ಈ ಅಂಕಿ ಹಳೆಯದಾಗಿರುತ್ತದೆ.

ದುಡ್ಡಿನ ಲೆಕ್ಕದಲ್ಲಿ ಭಾವನದು ಟೈರಿನ ಖರ್ಚಿಗೇ ಮುಗಿಯಿತು. ನನಗೆ ಅದರ ಮೇಲೆ ರಿಮ್ಮುಗಳಿಗೆ ಏಳು ಸಾವಿರದಷ್ಟು ಬಿತ್ತು. ತಮ್ಮನದು ಟೈರು, ಅಲಾಯ್, ಸುತ್ತಾಟ ಎಲ್ಲ ಸೇರಿ ಅರ್ಧ ಲಕ್ಷದ ಹತ್ತಿರ. ಪೇಟೆಯೊಳಗೇ ಓಡಾಡುವವರು, ಹಳೆಯ ರಿಮ್ ನೆಟ್ಟಗಿರುವವರು ಭಾವನ ಹಾಗೆ ಮಾಡಿದರೆ ನಾನು ಬೇಡ ಅನ್ನುವುದಿಲ್ಲ. ತಿಂಗಳಿಗೊಮ್ಮೆಯಾದರೂ ಘಾಟಿ ಇಳಿಯುವವರಿಗೆ, ಕಾರನ್ನು ಇನ್ನೂ ನಾಲ್ಕಾರು ವರ್ಷ ಇಟ್ಟುಕೊಳ್ಳುವವರಿಗೆ ನನ್ನದೇ ಸರಿ.

ತಮ್ಮ ಈ 195 ಸವೆದ ಮೇಲೆ ಅದೇ ಅಲಾಯ್ ಮೇಲೆ 185/65 ಹಾಕಿಸುವ ಯೋಚನೆಯಲ್ಲಿದ್ದಾನೆ. ಆ ಟೈರಿಗೆ ಐದರಿಂದ ಆರೂವರೆ ಇಂಚಿನ ರಿಮ್ ಆಗುತ್ತದೆ, ಅಂದರೆ ಅವನದು ಮಿತಿಯ ತುದಿಯಲ್ಲಿ ಕೂರುತ್ತದೆ. ಹಂಪಿನಲ್ಲಿ ಉಜ್ಜುವುದು ಸ್ವಲ್ಪ ಕಡಿಮೆಯಾದೀತು, ಇಟಿ 35 ಮಾತ್ರ ಇದ್ದಲ್ಲೇ ಇರುತ್ತದೆ ಅಂತ ಹೇಳಿದೆ. ಝಡ್‌ಎಕ್ಸ್‌ಐದವರು ಬಿಚ್ಚಿಟ್ಟ ಕಂಪನಿ ಅಲಾಯ್ ಎಲ್ಲಾದರೂ ಸಿಕ್ಕರೆ ತನಗೆ ಹೇಳು ಅಂದಿದ್ದಾನೆ.