ಝಡ್‌ಟಿ 75 ಕಂಪ್ರೆಸರ್: ಎಣ್ಣೆಯ ಚಿಂತೆ ಇಲ್ಲ, ನೀರಿನ ಮೇಲೆ ಕಣ್ಣಿರಲಿ

ಮಾತ್ರೆಗೆ ಕೋಟಿಂಗ್ ಹೊಡೆಯುವ ಸ್ಪ್ರೇ ಗನ್ನಿನಲ್ಲಿ ದ್ರಾವಣವನ್ನು ಮಂಜಿನಂತೆ ಚದುರಿಸುವುದು ಕಂಪ್ರೆಸರ್ ಗಾಳಿ. ಅದರಲ್ಲಿ ಎಣ್ಣೆಯ ಅಂಶ ಬಂತೆಂದರೆ ಕೋಟಿಂಗ್ ಅಲ್ಲಲ್ಲಿ ಹಿಡಿಯದೆ ಸಣ್ಣ ಕುಳಿಗಳು ಬೀಳುತ್ತವೆ, ಬ್ಯಾಚ್ ನಿಲ್ಲುತ್ತದೆ. ಇಂಥ ಕೆಲಸಕ್ಕೆ ಅಟ್ಲಾಸ್ ಕಾಪ್ಕೊದ ಝಡ್‌ಟಿ 75, ಅಂದರೆ ಫ್ಯಾನ್ ಗಾಳಿಯಿಂದ ತಣಿಯುವ 75 ಕಿಲೋವ್ಯಾಟ್‌ನ ಎರಡು ಹಂತದ ಡ್ರೈ ಸ್ಕ್ರೂ (ಗಾಳಿ ಒತ್ತುವ ಜಾಗದಲ್ಲಿ ಎಣ್ಣೆ ಇಲ್ಲದ) ಯಂತ್ರ, ದುಡ್ಡಿಗೆ ತಕ್ಕದ್ದು.

ತಿರುಗುವಿಕೆಯನ್ನು ಹೊಂದಿಸುವ ಟೈಮಿಂಗ್ ಗೇರ್ ಇರುವುದರಿಂದ, ಗಾಳಿ ಒತ್ತುವ ಇದರ ರೋಟರ್‌ಗಳು (ಸ್ಕ್ರೂಗಳು) ಒಂದಕ್ಕೊಂದು ತಾಗುವುದಿಲ್ಲ. ಎಣ್ಣೆ ಬೇಕಾಗುವುದು ಗೇರ್ ಮತ್ತು ಬೇರಿಂಗ್‌ಗೆ ಮಾತ್ರ. ಸೀಲ್‌ಗಳ ನಡುವೆ ಹೊರಕ್ಕೆ ತೆರೆದ ವೆಂಟ್ ಇದೆ. ಎಣ್ಣೆ ಸೋರಿದರೂ ಅಲ್ಲಿಂದಲೇ ಆಚೆ ಹೋಗುತ್ತದೆ. ಎಣ್ಣೆ ತುಂಬಿದ ಸ್ಕ್ರೂ ಕಂಪ್ರೆಸರ್‌ಗೆ ಫಿಲ್ಟರ್ ಸಾಲು ಹಾಕಿದರೆ ಅಗ್ಗ, ನಿಜ. ಆದರೆ ಎಣ್ಣೆಯ ಆವಿ, ಹನಿಗಳನ್ನು ಹಿಡಿಯುವ ಕೋಲೆಸಿಂಗ್ ಫಿಲ್ಟರ್ ದಾಟಿಬಿಡುತ್ತದೆ, ಆವಿಯನ್ನು ಹೀರುವ ಕಾರ್ಬನ್ ಫಿಲ್ಟರ್ ತುಂಬಿದ್ದು ಒತ್ತಡದ ಗೇಜ್‌ನಲ್ಲಿ ಗೊತ್ತೇ ಆಗುವುದಿಲ್ಲ.

ಈ ಝಡ್ ಸರಣಿಗೆ 2006ರಲ್ಲೇ ಟಿಯುವಿ ಎಂಬ ತಪಾಸಣಾ ಸಂಸ್ಥೆಯ ಪರೀಕ್ಷೆಯಲ್ಲಿ, ಕಂಪ್ರೆಸರ್ ಗಾಳಿಯ ಶುದ್ಧತೆಯ ಮಾನದಂಡವಾದ ಐಎಸ್‌ಒ 8573-1ರ ಕ್ಲಾಸ್ 0 ಸಿಕ್ಕಿತು. ಕ್ಲಾಸ್ 1ರಲ್ಲಿ ಒಟ್ಟು ಎಣ್ಣೆ ಘನ ಮೀಟರ್‌ಗೆ 0.01 ಮಿಲಿಗ್ರಾಂ ಮೀರಬಾರದು. ಕ್ಲಾಸ್ 0 ಅದಕ್ಕಿಂತ ಬಿಗಿ, ಆದರೆ ಅದರ ಅಂಕಿ ಕೊಳ್ಳುವವರು ಮತ್ತು ಮಾರುವವರ ಒಪ್ಪಂದಕ್ಕೆ ಬಿಟ್ಟದ್ದು. ಪರ್ಚೇಸ್ ಆರ್ಡರ್‌ನಲ್ಲೇ ಅಂಕಿ ಬರೆಸಿಕೊಳ್ಳಿ. ಸಕ್ಷನ್ (ಯಂತ್ರ ಗಾಳಿ ಎಳೆದುಕೊಳ್ಳುವ ಬಾಯಿ) ಪಕ್ಕ ಜನರೇಟರ್ ಹೊಗೆಕೊಳವೆಯೋ ಸಾಲ್ವೆಂಟ್ ಡ್ರಮ್ಮೋ ಇದ್ದರೆ ಯಾವ ಸರ್ಟಿಫಿಕೇಟೂ ಕಾಯುವುದಿಲ್ಲ: 7 ಬಾರ್ ಗೇಜ್ ಒತ್ತಡಕ್ಕೆ ಗಾಳಿ ಎಂಟು ಪಟ್ಟು ಕುಗ್ಗುತ್ತದೆ, ಹೊಗೆಯೂ ಅಷ್ಟೇ ಸಾಂದ್ರವಾಗುತ್ತದೆ.

ಕಷ್ಟ ಇರುವುದು ನೀರಿನಲ್ಲಿ. ಮೊದಲ ಹಂತದಿಂದ 150 ಡಿಗ್ರಿ ಮೀರಿ ಬರುವ ಗಾಳಿ, ಎರಡು ಹಂತಗಳ ನಡುವಿನ ಇಂಟರ್‌ಕೂಲರ್‌ನಲ್ಲಿ ತಣಿದು ನೀರು ಬಿಡುತ್ತದೆ. ಆ ನೀರನ್ನು ತಾನಾಗಿ ಹೊರಬಿಡುವ ಆಟೋ ಡ್ರೈನ್ ಕಟ್ಟಿಕೊಂಡರೆ ಆ ನೀರು ಎರಡನೇ ಹಂತಕ್ಕೆ ನುಗ್ಗಿ ರೋಟರ್ ಲೇಪ ತಿನ್ನುತ್ತದೆ. ಎರಡು ಹಂತದ ಡ್ರೈ ಸ್ಕ್ರೂಗಳಿಗೆಲ್ಲ ಇರುವ ಅಪಾಯ ಇದು. ಹಾಗಾಗಿ ಪ್ರತಿ ಶಿಫ್ಟ್‌ನಲ್ಲಿ ಡ್ರೈನ್ ಕೆಳಗೆ ಗಾಜಿನ ಲೋಟ ಹಿಡಿದು ನೋಡಬೇಕು. ನೀರು ಬಾರದಿದ್ದರೆ ಡ್ರೈನ್ ಬಿಚ್ಚಿ ಜಾಲರಿ ತೊಳೆಯಿರಿ. ಕೆಂಪಗಿದ್ದರೆ ಒಳಗೆ ತುಕ್ಕು. ಮಜ್ಜಿಗೆ ನೀರಿನಂತೆ ಬೆಳ್ಳಗಿದ್ದರೆ ಎಣ್ಣೆ ಎಲ್ಲಿಂದಲೋ ಸೇರುತ್ತಿದೆ: ವೆಂಟ್, ಸೀಲ್, ಸಕ್ಷನ್ ಮೂರನ್ನೂ ನೋಡಿ.

ಡ್ರೈಯರ್ ವಿಷಯದಲ್ಲಿ ಜಿಪುಣತನ ಬೇಡ. ಗಾಳಿಯನ್ನು ತಣಿಸಿ ಒಣಗಿಸುವ ರೆಫ್ರಿಜರೇಟೆಡ್ ಡ್ರೈಯರ್ +3 ಡಿಗ್ರಿ ಡ್ಯೂ ಪಾಯಿಂಟ್‌ಗೆ (ಗಾಳಿಯ ತೇವ ನೀರಾಗತೊಡಗುವ ಉಷ್ಣತೆಗೆ) ನಿಲ್ಲುತ್ತದೆ. ಗಾಳಿ ಔಷಧಕ್ಕೇ ತಾಗುವಲ್ಲಿ –40 ಕೊಡುವ ಡೆಸಿಕ್ಯಾಂಟ್ (ತೇವ ಹೀರುವ ಕಾಳುಗಳ) ಡ್ರೈಯರ್ ಬೇಕು. ಅದರಲ್ಲಿ ಶಾಖ ಬಳಸದ ಹೀಟ್‌ಲೆಸ್ ತೆಗೆದುಕೊಂಡರೆ ಸುಮಾರು 15 ಶೇಕಡಾ ಗಾಳಿ ಪರ್ಜ್‌ಗೇ (ಕಾಳುಗಳನ್ನು ಮತ್ತೆ ಒಣಗಿಸಲು) ಹೋಗುವುದರಿಂದ, ಯಂತ್ರದ ಶಾಖವನ್ನೇ ಬಳಸುವ ಹೀಟ್ ಆಫ್ ಕಂಪ್ರೆಷನ್ ಡ್ರೈಯರ್ ನಮಗೆ ಹೆಚ್ಚು ಮೆಚ್ಚುಗೆ. ಬೀದರ್, ರಾಯಚೂರು ಕಡೆಯ ಬೇಸಿಗೆಯಲ್ಲಿ ಡ್ರೈಯರ್‌ಗೆ ಬರುವ ಗಾಳಿ 40ರ ಬದಲು 50 ಡಿಗ್ರಿಯಾದರೆ ತೇವ ಒಂದೂವರೆ ಪಟ್ಟು ಮೀರುತ್ತದೆ. ಅಲ್ಲಿ ಇದೇ ಸರಣಿಯ, ನೀರಿನಿಂದ ತಣಿಯುವ ಝಡ್‌ಆರ್ ವಾಸಿ. ಬೆಂಗಳೂರಿನವರಿಗೆ ಬೇರೆ ಲೆಕ್ಕ: ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ, ಗಾಳಿ 10 ಶೇಕಡಾದಷ್ಟು ತೆಳು. ಕ್ಯಾಟಲಾಗ್‌ನ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ನೋಡಿ ಗಾತ್ರ ನಿರ್ಧರಿಸಿದರೆ ಗಾಳಿ ಸಾಲದೆ ಬರುತ್ತದೆ.

ಪೈಪ್‌ಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಬೇಡ, ಎಸ್‌ಎಸ್ 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಸ್ಟೆರೈಲ್ ಭಾಗದಲ್ಲಿ ಗಾಳಿ ಬಳಕೆಯಾಗುವ ತುದಿಯಲ್ಲೇ 0.22 ಮೈಕ್ರಾನ್ ಫಿಲ್ಟರ್ ಕೂರಿಸಿ. ಎಣ್ಣೆ, ತೇವ, ಕಣಗಳ ಸ್ಯಾಂಪಲನ್ನೂ ಕಂಪ್ರೆಸರ್ ರೂಮಿನಲ್ಲಲ್ಲ, ಆ ತುದಿಯಲ್ಲೇ ತೆಗೆಯಿರಿ.